ಆಟಿ ತಿಂಗಳ ಬೈಕು

ಮೊನ್ನೆ ಮೊದಲ ಮಳೆ ಬಿದ್ದ ಸಂಜೆ ಮನೆಗೆ ಬಂದು ಹೆಲ್ಮೆಟ್ಟನ್ನು ಅಡುಗೆಮನೆಯ ಕಿಟಕಿಯ ಮೊಳೆಗೆ ನೇತುಹಾಕಿದೆ. ಸ್ವಲ್ಪ ಹೊತ್ತಿಗೆ ಅದರಿಂದ ವಾಸನೆ ಬರತೊಡಗಿತು. ಒದ್ದೆ ಸ್ಪಂಜು, ತಲೆಗೆ ಹಚ್ಚಿದ ತೆಂಗಿನೆಣ್ಣೆ, ಮೇಲಿಂದ ಒಂದಿಷ್ಟು ಕರ್ಪೂರ. ಯಾರಿಗೂ ಇಷ್ಟವಾಗುವ ವಾಸನೆಯಲ್ಲ ಅದು. ಮಗಳು ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಮಾತ್ರ ಹತ್ತಿರ ಹೋಗಿ ಇನ್ನೊಮ್ಮೆ ಮೂಸಿದೆ. ಮೂರು ವರ್ಷದ ಹಿಂದಿನ ಒಂದು ಆಟಿ ತಿಂಗಳು ಇಡೀ ಇದೇ ವಾಸನೆಯಲ್ಲಿ ಕಳೆದಿತ್ತು. ನನ್ನ ಜೀವನದಲ್ಲಿ ಅಷ್ಟು ಒದ್ದೆಯಾದ ತಿಂಗಳು ಇನ್ನೊಂದಿಲ್ಲ. ಅಷ್ಟು ಒಳ್ಳೆಯ ತಿಂಗಳೂ ಇನ್ನೊಂದಿಲ್ಲ ಎಂದು ಹೇಳಲು ನನಗೆ ನಾಚಿಕೆಯೇನಿಲ್ಲ.

ಆಗ ನಾನು ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಗ್ರೇಡಿಂಗ್ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಸಿಪ್ಪೆ ತೆಗೆದ ತಿರುಳನ್ನು ಮೇಜಿನ ಮೇಲೆ ಸುರಿದರೆ ಇಡಿಯದ್ದು, ಹೋಳಾದದ್ದು, ಕಲೆ ಬಿದ್ದದ್ದು, ಚೂರು ಎಂದು ವಿಂಗಡಿಸುವುದು ನಮ್ಮ ಕೆಲಸ. ಅದಕ್ಕೆ ಕಣ್ಣು ಮತ್ತು ಬೆರಳು ಸಾಕು, ಬಾಯಿಗೆ ಪೂರ್ತಿ ಬಿಡುವು. ಹಾಗಾಗಿ ಕೂಳೂರಿನಿಂದ ಸುರತ್ಕಲ್‌ವರೆಗಿನ ಮನೆಗಳ ಸುದ್ದಿಯೂ ನಮ್ಮ ಮೇಜಿನ ಮೇಲೆ ವಿಂಗಡಣೆಯಾಗುತ್ತಿತ್ತು. ಆ ವರ್ಷ ಜುಲೈಯಲ್ಲಿ ಆರ್ಡರು ಹೆಚ್ಚಾಯಿತೆಂದು ಬೆಳಗಿನ ಪಾಳಿಯೊಂದನ್ನು ಶುರು ಮಾಡಿದರು. ಆರೂವರೆಗೆ ಕೆಲಸ ಆರಂಭ. ಆ ಪಾಳಿಗೆ ಸೂಪರ್‌ವೈಸರ್ ಆಗಿ ಎಂದು ಮ್ಯಾನೇಜರರು ನನ್ನನ್ನು ಕರೆದರು.

“ಸುಜಾತಾ, ಒಂದು ತಿಂಗಳು ನೋಡುವ. ಗ್ರೇಡಿಂಗ್ ಹಾಲಿನ ಕೀ ನಿಮ್ಮ ಕೈಯಲ್ಲಿ ಇರ್ತದೆ, ವಾಚ್‌ಮನ್ ಹತ್ರ ಕೊಡುವ ಹಾಗಿಲ್ಲ. ಒಳಗೆ ಇರುವುದು ರೆಡಿ ಮಾಲು ಅಲ್ವಾ. ನೀವು ಲೇಟಾದ್ರೆ ನಲವತ್ತು ಜನ ಹೊರಗೆ ಮಳೆಯಲ್ಲಿ ನಿಲ್ಬೇಕಾಗ್ತದೆ. ಒಂದು ಸಲ ಆದ್ರೆ ಹೇಳ್ತೇನೆ. ಎರಡನೇ ಸಲ ಕೀ ವಾಪಸ್.”

“ಆಯ್ತು ಸರ್,” ಎಂದೆ. ಯೋಚನೆ ಮಾಡಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಹದಿನಾಲ್ಕು ವರ್ಷ ಅದೇ ಮೇಜಿನ ಮುಂದೆ ಕೂತವಳಿಗೆ ಇನ್ನು ಯೋಚಿಸಲು ಏನಿತ್ತು? ಯೋಚನೆ ಬಂದದ್ದು ವಾಪಸು ಬರುವ ಬಸ್ಸಿನಲ್ಲಿ. ನಮ್ಮ ಮನೆ ಇರುವುದು ಕುಲಶೇಖರದಲ್ಲಿ. ಅಲ್ಲಿಂದ ಹಂಪನಕಟ್ಟೆಗೆ ಒಂದು ಬಸ್ಸು, ಹಂಪನಕಟ್ಟೆಯಿಂದ ಕೂಳೂರು ಸೇತುವೆ ದಾಟಿ ಬೈಕಂಪಾಡಿಗೆ ಇನ್ನೊಂದು. ಬೆಳಗಿನ ಮೊದಲ ಬಸ್ಸನ್ನೇ ಹಿಡಿದರೂ ನಾನು ಗೇಟು ತಲುಪುವಾಗ ಏಳು ದಾಟುತ್ತಿತ್ತು.

ಸ್ಕೂಟರು ತೆಗೆದುಕೋ ಎಂದರು ಎಲ್ಲರೂ. ನನಗೂ ಅದೇ ತೋಚಿತ್ತು. ಮನೆಯಲ್ಲಿ ವಿಷಯ ಎತ್ತಿದಾಗ ಅತ್ತೆ ತಜಂಕ್ ಸೊಪ್ಪು ಸೋಸುತ್ತಿದ್ದರು. ನಾವು ಅವರನ್ನು ಕರೆಯುವುದು ಮಾಮಿ ಎಂದು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಮಾಮಿ ಸೊಪ್ಪಿನಿಂದ ತಲೆ ಎತ್ತಿದರು.

“ಆಟಿಯಲ್ಲಿ ಹೊಸ ಗಾಡಿಯಾ? ನಿನಗೆ ತಲೆ ಸರಿ ಉಂಟಾ?”

ನಮ್ಮಲ್ಲಿ ಆಟಿ ಎಂದರೆ ಮಳೆ ಬಿಟ್ಟೂಬಿಡದೆ ಹೊಡೆಯುವ ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲಿಲ್ಲ, ಹೊಸ ವಸ್ತು ಮನೆಗೆ ತರುವುದಿಲ್ಲ. ಮುಂದಿನ ತಿಂಗಳು ಸೋಣ ಹುಟ್ಟಿದ ಮೇಲೆಯೇ ಎಲ್ಲ. “ಸೋಣ ಬರಲಿ. ಅಷ್ಟು ಹೊತ್ತಿಗೆ ಹರೀಶನೂ ರಜೆಯಲ್ಲಿ ಬರ್ತಾನೆ, ಅವನೇ ನೋಡಿ ತೆಗೀಲಿ,” ಎಂದರು ಮಾಮಿ. ಹರೀಶ ಎಂದರೆ ನನ್ನ ಗಂಡ, ಮಸ್ಕತ್‌ನಲ್ಲಿ ಕೆಲಸ. ಮಾಮಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮ್ಯಾನೇಜರರು ನನ್ನನ್ನು ನೋಡುತ್ತೇನೆ ಎಂದ ತಿಂಗಳು ಹೆಚ್ಚುಕಡಿಮೆ ಆಟಿಯೇ ಆಗಿತ್ತು. ಸೋಣ ಬರುವಾಗ ಕೀ ಬೇರೆಯವರ ಸೊಂಟದಲ್ಲಿರುತ್ತಿತ್ತು.

ಸಿಟ್ಟಿನಲ್ಲಿ ಹೊರಗೆ ಜಗಲಿಗೆ ಬಂದು ಕೂತೆ. ಎದುರಿಗೆ ಪೋರ್ಟಿಕೋದಲ್ಲಿ ನೀಲಿ ಟರ್ಪಾಲು ಹೊದ್ದುಕೊಂಡು ನನ್ನ ಗಂಡನ ಬೈಕು ನಿಂತಿತ್ತು. ಊರಿನಲ್ಲಿರುವ ಪ್ರತಿ ಗಲ್ಫಿನವರ ಮನೆಯಲ್ಲೂ ಇಂಥದ್ದೊಂದು ಗಾಡಿ ಇರುತ್ತದೆ. ಅದನ್ನು ಯಾರೂ ಓಡಿಸುವುದಿಲ್ಲ, ಮಾರುವುದೂ ಇಲ್ಲ. ಪ್ರತಿ ಆದಿತ್ಯವಾರ ಟರ್ಪಾಲು ತೆಗೆದು, ಐದು ನಿಮಿಷ ಸ್ಟಾರ್ಟ್ ಮಾಡಿ, ಬ್ಯಾಟರಿ ಹೋಗದಂತೆ ನೋಡಿಕೊಂಡು, ಮತ್ತೆ ಹೊದೆಸಬೇಕು. ಎರಡು ವರ್ಷದಿಂದ ಆ ಪೂಜೆ ನಾನೇ ಮಾಡುತ್ತಿದ್ದೆ. ನನ್ನ ಗಂಡ ಫೋನಿನಲ್ಲಿ ನನ್ನ ಆರೋಗ್ಯ ವಿಚಾರಿಸುವ ಮೊದಲೇ ಅದರ ಆರೋಗ್ಯ ವಿಚಾರಿಸುತ್ತಿದ್ದರು.

“ಮಾಮೀ,” ಎಂದು ಹೊರಗಿನಿಂದಲೇ ಕೇಳಿದೆ, “ಹಳೆ ಗಾಡಿಗೂ ಆಟಿ ಉಂಟಾ?”

“ಹಳತಕ್ಕೆ ಎಂತ ಆಟಿ?” ಎಂದ ಮಾಮಿಗೆ ನನ್ನ ಪ್ರಶ್ನೆಯ ತಲೆಬಾಲ ಹೊಳೆಯಲು ಎರಡು ಕ್ಷಣ ಬೇಕಾಯಿತು. ಸೊಪ್ಪಿನ ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ನೋಡಿದರು, ಟರ್ಪಾಲನ್ನು ನೋಡಿದರು. “ಅದನ್ನಾ? ಗಂಡಸರ ಗಾಡಿಯನ್ನಾ?”

ನಾನು ಹತ್ತೊಂಬತ್ತನೇ ವಯಸ್ಸಿಗೇ ನನ್ನ ಅಣ್ಣನ ಬೈಕಿನಲ್ಲಿ ಕಲಿತವಳು. ಲೈಸನ್ಸಿನಲ್ಲೂ ಗೇರಿನ ಗಾಡಿ ಎಂದೇ ಬರೆದಿತ್ತು. ಮದುವೆಯ ಮೇಲೆ ಓಡಿಸುವ ಪ್ರಮೇಯ ಬರಲಿಲ್ಲ, ಅಷ್ಟೆ. ಇದನ್ನೆಲ್ಲ ಹೇಳಿದೆ. ಮಾಮಿ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಕೊನೆಗೆ, “ಹರೀಶನಿಗೆ ಈಗ ಹೇಳ್ಬೇಡ. ಅವನು ಅಲ್ಲಿ ನಿದ್ದೆ ಬಿಟ್ಟಾನು,” ಎಂದು ಒಳಗೆ ಹೋದರು. ನಿದ್ದೆ ಬಿಡುವುದು ನನ್ನ ಚಿಂತೆಯಿಂದಲೋ ಬೈಕಿನ ಚಿಂತೆಯಿಂದಲೋ ಎಂದು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನವೇ ಬೈಕನ್ನು ನಮ್ಮ ಮನೆಯ ಹತ್ತಿರದ ಸಿರಿಲಣ್ಣನ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಸಿರಿಲಣ್ಣ ಕಡಿಮೆ ಮಾತಿನ ಮನುಷ್ಯ, ಹೆಂಗಸರನ್ನೆಲ್ಲ ಕೊಂಕಣಿಯ ರೂಢಿಯಲ್ಲಿ ‘ಬಾಯಿ’ ಎಂದೇ ಕರೆಯುವವರು. ಎಂಜಿನ್ ಆಯಿಲು ಬದಲಿಸಿ, ಚೈನು ಬಿಗಿ ಮಾಡಿ, ಬ್ರೇಕು ಮುಟ್ಟಿ ನೋಡಿ ಒಂದೇ ಮಾತು ಹೇಳಿದರು. “ಮಳೆಯಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡೀಬೇಡಿ ಬಾಯಿ.” ಆ ಮಾತನ್ನು ಹೂಂ ಹೂಂ ಎಂದು ಕೇಳಿ ಅಲ್ಲೇ ಬಿಟ್ಟು ಬಂದೆ. ಅದರ ಫಲ ಮುಂದೆ ಉಂಡೆ.

ಮೊದಲ ವಾರ ನಾನು ಓಡಿಸಿದ್ದಕ್ಕಿಂತ ಹೆಚ್ಚು ಪ್ರಯೋಗ ಮಾಡಿದೆ. ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಂಜಾಗುತ್ತದಲ್ಲ, ಅದಕ್ಕೆ ಸಾಬೂನು ಉಜ್ಜಿದರೆ ಆಗುತ್ತದೆ ಎಂದು ಯಾರೋ ಹೇಳಿದ್ದರು. ಒಳಗೆ ಉಜ್ಜಬೇಕೋ ಹೊರಗೋ ಎಂದು ಕೇಳಿರಲಿಲ್ಲ. ಇರಲಿ ಎಂದು ಎರಡೂ ಕಡೆ ಉಜ್ಜಿದೆ. ನಂತೂರಿಗೆ ಬರುವಾಗ ಮಳೆ ಜೋರಾಯಿತು, ಗಾಜಿನ ಹೊರಗಿನಿಂದ ನೊರೆ ಉಕ್ಕಿ ಗಲ್ಲಕ್ಕೆ ಇಳಿಯಿತು. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ರಿಕ್ಷಾದವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮರುದಿನದಿಂದ ಒಳಗೆ ಮಾತ್ರ, ತೆಳ್ಳಗೆ. ಅದು ಚೆನ್ನಾಗಿ ಕೆಲಸ ಮಾಡಿತು.

ಹೆಲ್ಮೆಟ್ಟು ಒಣಗಿಸುವುದು ಇನ್ನೊಂದು ಪಾಡು. ಆಟಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸ್ಪಂಜು ಎಲ್ಲಿ ಒಣಗಬೇಕು? ಕಲ್ಲುಪ್ಪು ಹುರಿದು, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಯಿರುವಾಗಲೇ ಒಳಗಿಟ್ಟರೆ ಬೆಳಗ್ಗೆ ತಲೆಗೆ ಹಾಕುವಷ್ಟಾದರೂ ಆಗುತ್ತಿತ್ತು. ವಾಸನೆಗೆಂದು ಮಾಮಿ ಎರಡು ಬಿಲ್ಲೆ ಕರ್ಪೂರ ಸೇರಿಸಿದರು. ವಾಸನೆ ಹೋಗಲಿಲ್ಲ, ಕರ್ಪೂರದ್ದೂ ಕೂಡಿಕೊಂಡಿತು.

ಕಾಲಿಗೆ ಮೊದಲು ಪ್ಲಾಸ್ಟಿಕ್ ಚೀಲ ಕಟ್ಟಿ ನೋಡಿದೆ. ಗೇರು ಹಾಕುವಾಗ ಜಾರಿತು. ಬಂದರಿನಲ್ಲಿ ಮೀನು ಇಳಿಸುವವರು ಹಾಕುವ ಗಂಬೂಟು ತಂದೆ. ಕಾಲು ಒದ್ದೆಯಾಗಲಿಲ್ಲ, ಆದರೆ ಬೂಟಿನ ತುದಿ ದಪ್ಪವಾಗಿ ಗೇರಿನ ಕೆಳಗೆ ಹೋಗುವುದಿಲ್ಲ. ಸಿರಿಲಣ್ಣ ಗೇರಿನ ಪೆಡಲನ್ನು ಕಳಚಿ ಒಂದು ಹಲ್ಲು ಮೇಲಕ್ಕೆ ಕೂರಿಸಿಕೊಟ್ಟರು. ಆವತ್ತಿನಿಂದ ಆ ಬೈಕು ನನ್ನ ಕಾಲಿನ ಅಳತೆಯದ್ದಾಯಿತು.

ದಾರಿಯನ್ನೂ ಪರೀಕ್ಷಿಸಿದೆ. ಊರೊಳಗಿಂದ ಮೂರು ದಿನ, ನಂತೂರು ಮೇಲೆ ಹೆದ್ದಾರಿಯಲ್ಲಿ ಮೂರು ದಿನ, ಬೊಂದೇಲ್ ಕಾವೂರು ಸುತ್ತಿ ಕೂಳೂರಿಗೆ ಇಳಿದು ಮೂರು ದಿನ. ಬೆಳಗ್ಗೆ ಹೋಗಲು ಹೆದ್ದಾರಿ, ಮಧ್ಯಾಹ್ನ ಬರಲು ಕಾವೂರು ಎಂದು ತೀರ್ಮಾನವಾಯಿತು. ನೀರು ನಿಂತಲ್ಲಿ ಗುಂಡಿ ಎಷ್ಟು ಆಳ ಎಂದು ರಸ್ತೆಯನ್ನು ನೋಡಿದರೆ ತಿಳಿಯುವುದಿಲ್ಲ, ಮುಂದೆ ಹೋಗುವ ರಿಕ್ಷಾವನ್ನು ನೋಡಬೇಕು. ಅದು ಬಾಗಿದರೆ ಗುಂಡಿ, ಬಾಗದಿದ್ದರೆ ಬರಿಯ ನೀರು. ಲಾರಿಯ ಹಿಂದೆ ಹೋಗುವಾಗ ಅದರ ಚಕ್ರ ನೀರನ್ನು ಸರಿಸಿದ ಗೆರೆಯಲ್ಲೇ ಹೋಗಬೇಕು, ಆದರೆ ತುಂಬ ಹತ್ತಿರವಲ್ಲ. ಕೂಳೂರು ಸೇತುವೆಯ ಮೇಲೆ ಹೊಳೆಯ ಕಡೆಯಿಂದ ಬರುವ ಗಾಳಿಗೆ ರೈನ್‌ಕೋಟು ಉಬ್ಬಿ ನನ್ನನ್ನು ಬೈಕು ಸಮೇತ ಪಕ್ಕಕ್ಕೆ ನೂಕುತ್ತಿತ್ತು. ಅದಕ್ಕೆ ಮದ್ದು ಹೇಳಿದ್ದು ಮಾಮಿ. “ಗದ್ದೆಗೆ ಇಳಿಯುವಾಗ ನಾವು ಸೊಂಟಕ್ಕೆ ಎಂತ ಕಟ್ತಿದ್ದದ್ದು? ಬೈರಾಸು ಕಟ್ಟು.” ರೈನ್‌ಕೋಟಿನ ಮೇಲೆ ಒಂದು ಹಳೆ ಬೈರಾಸು, ಎಂದರೆ ದಪ್ಪ ಹತ್ತಿ ಟವೆಲು, ಬಿಗಿದು ಕಟ್ಟಿದೆ. ಸೇತುವೆ ಸುಮ್ಮನಾಯಿತು. ನೋಡಲು ಹೇಗಿತ್ತೋ ಗೊತ್ತಿಲ್ಲ. ಗಂಬೂಟು, ಹೆಲ್ಮೆಟ್ಟು, ಸೊಂಟಕ್ಕೆ ಕೆಂಪು ಚೌಕುಳಿಯ ಬೈರಾಸು. ಆ ವೇಷದ ಮೊದಲ ದಿನ ನನ್ನನ್ನು ನೋಡಿ ಕಾರ್ಖಾನೆಯ ನಲವತ್ತು ಹೆಂಗಸರೂ ನಕ್ಕರು. ನಮ್ಮಲ್ಲೆಲ್ಲ ಹಿರಿಯವರಾದ ಗಿರಿಜಕ್ಕ ಮಾತ್ರ ನಗದೆ, “ಎಷ್ಟು ಗಂಟೆಗೆ ಹೊರಟದ್ದು ನೀನು?” ಎಂದು ಕೇಳಿದರು. ಐದು ಮುಕ್ಕಾಲಿಗೆ ಎಂದೆ. “ನಾನು ಇಷ್ಟು ವರ್ಷದಲ್ಲಿ ಒಬ್ಬ ಸೂಪರ್‌ವೈಸರನ್ನೂ ನಮಗಿಂತ ಮೊದಲು ಬಂದದ್ದು ನೋಡ್ಲಿಲ್ಲ,” ಎಂದರು. ಆ ಒಂದು ಮಾತಿಗೆ ನಾನು ನಾಲ್ಕು ದಿನ ಹಾರಾಡಿದೆ.

ಮಸ್ಕತ್‌ಗೆ ಮಾತ್ರ ಸುದ್ದಿಯಿಲ್ಲ. “ಗಾಡಿ ಸ್ಟಾರ್ಟ್ ಮಾಡಿದ್ಯಾ?” ಎಂದು ಕೇಳುತ್ತಿದ್ದರು. “ಮಾಡಿದೆ.” “ಎಷ್ಟು ಹೊತ್ತು?” “ಇವತ್ತು ಸ್ವಲ್ಪ ಜಾಸ್ತಿ ಹೊತ್ತು ಮಾಡಿದೆ.” “ಒಳ್ಳೇದು, ಬ್ಯಾಟರಿಗೆ ಒಳ್ಳೇದು.” ನಾನು ಸುಳ್ಳು ಹೇಳಲಿಲ್ಲ. ಆದರೂ ಫೋನಿಟ್ಟ ಮೇಲೆ ಮಾಮಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೀಗೆ ಎಲ್ಲ ನನ್ನ ಹಿಡಿತಕ್ಕೆ ಬಂತು ಎನ್ನುವಾಗ ಆಟಿ ಅಮಾವಾಸ್ಯೆ ಬಂತು. ಆ ದಿನ ಬೆಳಗ್ಗೆ ಬರೀ ಹೊಟ್ಟೆಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯದೆ ನಮ್ಮ ಕಡೆಯವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಕೆತ್ತೆಯನ್ನು ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕತ್ತಿ ಮುಟ್ಟಿಸುವಂತಿಲ್ಲ. ನೆರೆಮನೆಯವರು ತಂದುಕೊಡುವಾಗ ತಡವಾಯಿತು. ಮಾಮಿ ಅರೆದು, ಹಿಂಡಿ, ಓಮ ಬೆಳ್ಳುಳ್ಳಿ ಹಾಕಿ, ಬಿಳಿ ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಅದಕ್ಕೆ ಹಾಕುವವರೆಗೆ ನಾನು ಹೆಲ್ಮೆಟ್ಟು ಹಾಕಿಕೊಂಡೇ ಅಡುಗೆಮನೆಯ ಬಾಗಿಲಲ್ಲಿ ಕುಣಿಯುತ್ತಿದ್ದೆ.

“ಮಾಮಿ, ಬಂದು ಕುಡೀತೇನೆ.”

“ಬಂದು ಕುಡಿಯುವುದಕ್ಕೆ ಅದೆಂತ ಚಾಯವಾ? ಎರಡು ನಿಮಿಷ ನಿಲ್ಲು.”

ಎರಡು ನಿಮಿಷ ಎಂದದ್ದು ಹದಿನೈದಾಯಿತು. ಆ ಕಹಿಯನ್ನು ಗಟಗಟ ಕುಡಿದು, ಅದರ ಉಷ್ಣ ಇಳಿಸಲು ಕುಡಿಯುವ ಮೆಂತೆ ಗಂಜಿಯನ್ನು ಮುಟ್ಟದೆ ಹೊರಟೆ. ಹದಿನೈದು ನಿಮಿಷವನ್ನು ರಸ್ತೆಯಲ್ಲಿ ಗಳಿಸಿಬಿಡುತ್ತೇನೆ ಎಂಬ ಹುಮ್ಮಸ್ಸು. ಕೊಟ್ಟಾರ ಚೌಕಿ ದಾಟಿ ಸ್ವಲ್ಪ ಮುಂದೆ ಹೋಗುವಾಗ ನನ್ನ ಮುಂದಿದ್ದ ಟೆಂಪೋ ನಿಧಾನಿಸಿತು. ನಾನು ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದೆ. ರಸ್ತೆಗೆ ಬಳಿದ ಬಿಳಿ ಪಟ್ಟಿಯ ಮೇಲೆ ಚಕ್ರವಿತ್ತು. ಮರುಕ್ಷಣ ನಾನು ಎಡಕ್ಕೆ, ಬೈಕು ನನ್ನ ಗಂಬೂಟಿನ ಮೇಲೆ. ಕಾಲಿಗೇನೂ ಆಗಿರಲಿಲ್ಲ. ಮೊಣಕೈ ತರಚಿತ್ತು, ಕನ್ನಡಿ ಒಡೆದಿತ್ತು. ಎದ್ದು ಬೈಕನ್ನು ಎತ್ತಲು ನೋಡಿದರೆ ಅದು ಕದಲುತ್ತಿಲ್ಲ. ನಿಂತ ಗಾಡಿಯನ್ನು ಓಡಿಸಲು ಬರುತ್ತಿತ್ತು ನನಗೆ, ಬಿದ್ದ ಗಾಡಿಯನ್ನು ಎತ್ತಲು ಬರುತ್ತಿರಲಿಲ್ಲ. ಮಳೆಯಲ್ಲಿ ನಿಂತು ಕೈ ಬೀಸಿ ಬೀಸಿ, ಕೊನೆಗೆ ಬೇರೊಂದು ಟೆಂಪೋದವನು ಇಳಿದು ಎತ್ತಿಕೊಟ್ಟ.

ತಲುಪುವಾಗ ಆರು ಮುಕ್ಕಾಲು. ಗ್ರೇಡಿಂಗ್ ಹಾಲಿನ ಬಾಗಿಲ ಮುಂದಿನ ಹಂಚಿನ ಮಾಡು ಎಂದರೆ ಮೂರು ಜನ ನಿಲ್ಲುವಷ್ಟು. ಅದರ ಕೆಳಗೆ ಮತ್ತು ಹೊರಗೆ ನಲವತ್ತು ಹೆಂಗಸರು ಒದ್ದೆಯಾಗಿ ನಿಂತಿದ್ದರು. ಅವರಲ್ಲಿ ಒಬ್ಬರಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಗಿರಿಜಕ್ಕ ನನ್ನ ಕೆಸರು ನೋಡಿ, “ಕಷಾಯ ಕುಡಿದು ಬಂದದ್ದಾ?” ಎಂದರು. ಹೌದೆಂದು ತಲೆಯಾಡಿಸಿದೆ. “ನಾವೂ ಕುಡಿದೇ ಬಂದದ್ದು,” ಎಂದಷ್ಟೇ ಹೇಳಿ ಸೆರಗು ಹಿಂಡುತ್ತ ಒಳಗೆ ಹೋದರು. ಮ್ಯಾನೇಜರರು ಹತ್ತು ಗಂಟೆಗೆ ಕರೆದರು. “ಒಂದು ಆಯ್ತು ಸುಜಾತಾ,” ಎಂದರು. ಅಷ್ಟೇ. ಇನ್ನೊಂದು ಸಲವಾದರೆ ಕೀ ಕೈಬಿಟ್ಟಂತೆ.

ಮನೆಗೆ ಬಂದಾಗ ನನ್ನ ಮೊಣಕೈ ನೋಡಿ ಮಾಮಿ ಅತ್ತರು. “ನಾನು ನಿಲ್ಲಿಸದಿದ್ರೆ ಇದು ಆಗ್ತಿರಲಿಲ್ಲ, ಸಾಕು, ಬಿಟ್ಟುಬಿಡು ಮಗ,” ಎಂದರು. ನಾನು ಅಳಲಿಲ್ಲ. ಬಿಡಲು ಮನಸ್ಸಿರಲಿಲ್ಲ, ಬಿದ್ದದ್ದಕ್ಕಿಂತ ಎತ್ತಲಾಗದ್ದು ನನ್ನನ್ನು ಹೆಚ್ಚು ಚುಚ್ಚುತ್ತಿತ್ತು. ನೇರ ಸಿರಿಲಣ್ಣನ ಹತ್ತಿರ ಹೋಗಿ, “ಇದನ್ನು ಎತ್ತಲಿಕ್ಕೆ ಕಲಿಸಿ,” ಎಂದೆ. ಅವರು ಬೈಕನ್ನು ಗ್ಯಾರೇಜಿನ ಅಂಗಳದಲ್ಲಿ ಮೆಲ್ಲ ಮಲಗಿಸಿದರು. “ಕೈಯಲ್ಲಿ ಎತ್ತುವುದಲ್ಲ ಬಾಯಿ. ಬೆನ್ನು ತಿರುಗಿಸಿ, ಸೀಟಿಗೆ ಸೊಂಟ ಕೊಟ್ಟು ಕೂರಿ. ಹ್ಯಾಂಡಲ್ ಒಂದು ಕೈಲಿ, ಹಿಂದಿನ ಹಿಡಿ ಒಂದು ಕೈಲಿ. ಇನ್ನು ಕಾಲಲ್ಲಿ ಹಿಂದಕ್ಕೆ ನಡೀರಿ.” ಮೂರನೇ ಸಲಕ್ಕೆ ಬೈಕು ಎದ್ದು ನಿಂತಿತು. ಮತ್ತೆ ಮಲಗಿಸಿ ಎಂದೆ. ಹತ್ತು ಸಲ ಎತ್ತಿದೆ. ಆಮೇಲೆ ಬಿಳಿ ಪಟ್ಟಿ ಕಂಡಲ್ಲಿ ಬ್ರೇಕು ಮುಟ್ಟುವುದನ್ನು ಬಿಟ್ಟೆ, ಮನೆಯಿಂದ ಹತ್ತು ನಿಮಿಷ ಮೊದಲು ಹೊರಡತೊಡಗಿದೆ. ಹೆದರಿಕೆ ಪೂರ್ತಿ ಹೋಯಿತೆಂದಲ್ಲ. ಬಿದ್ದರೂ ಎದ್ದು ಆರೂವರೆಗೆ ತಲುಪುತ್ತೇನೆ ಎಂಬ ಲೆಕ್ಕ ಮನಸ್ಸಿಗೆ ಬಂತು.

ಸೋಣ ಹುಟ್ಟಿತು. ಮ್ಯಾನೇಜರರು ಕೊಟ್ಟ ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ ಬಾಕಿಯಿರುವಾಗ ನನ್ನ ಗಂಡ ಚೌತಿಗೆಂದು ರಜೆಯಲ್ಲಿ ಬಂದರು. ಊಟವಾದ ಮೇಲೆ ನಿಧಾನಕ್ಕೆ ಹೇಳುವುದೆಂದು ಮಾಮಿಯೂ ನಾನೂ ಮಾತಾಡಿಕೊಂಡಿದ್ದೆವು. ಅವರು ಟ್ಯಾಕ್ಸಿಯಿಂದ ಇಳಿದವರು ನೀರು ಕುಡಿಯುವ ಮೊದಲೇ ಟರ್ಪಾಲು ಎತ್ತಿದರು. ಒಡೆದ ಕನ್ನಡಿಯ ಜಾಗದಲ್ಲಿ ಹೊಸ ಕನ್ನಡಿ, ಮೇಲೇರಿದ ಗೇರಿನ ಪೆಡಲು, ಮಡ್‌ಗಾರ್ಡಿನ ಒಳಗೆ ಕೂಳೂರಿನ ಕೆಸರು. ಪಕ್ಕದಲ್ಲಿ ನನ್ನ ಗಂಬೂಟು.

“ಇದು ಎಂತ?”

“ನಾನೇ ಹೇಳಿದ್ದು ತಗೊಂಡು ಹೋಗು ಅಂತ,” ಎಂದು ಮಾಮಿ ಮುಂದೆ ಬಂದು ನಿಂತರು. ನಾನು ಎಲ್ಲವನ್ನೂ ಹೇಳಿದೆ, ಕೀ, ನಲವತ್ತು ಜನ, ತಿಂಗಳ ಗಡುವು. ಊಟ ಮುಗಿಸಿ ಕೈ ತೊಳೆದುಕೊಂಡು ಬಂದು ಅವರು ಕೇಳಿದರು.

“ಬಿದ್ದದ್ದು ಉಂಟಾ?”

“ಒಂದು ಸಲ.”

“ನನಗೆ ಒಂದು ಮಾತು ಹೇಳ್ಲಿಲ್ಲ ನೀನು.”

“ಹೇಳಿದ್ರೆ ನೀವು ಬೇಡ ಅಂತಿದ್ರಿ.”

“ಅಂತಿದ್ದೆ,” ಎಂದು ಅವರು ಒಪ್ಪಿಕೊಂಡರು. ಮತ್ತೆ ಹೇಳಿದರು, “ಇರಲಿ. ಇನ್ನು ನಾನಿದ್ದೇನಲ್ಲ, ನಾಳೆಯಿಂದ ನಾನೇ ಬಿಟ್ಟು ಬರ್ತೇನೆ. ನಾನಿರುವಾಗ ನೀನು ಯಾಕೆ ಮಳೆಯಲ್ಲಿ ಒದ್ದಾಡುವುದು? ಮುಂದಿನ ವಾರ ಸ್ಕೂಟರು ನೋಡುವ.”

ಪ್ರೀತಿಯಿಂದಲೇ ಹೇಳಿದ್ದು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ನನ್ನಿಂದ ಏನನ್ನೋ ತೆಗೆದುಕೊಂಡಂತೆ ಅನಿಸಿತು, ಆದರೆ ಅದನ್ನು ಅವರಿಗೆ ಹೇಗೆ ಹೇಳುವುದು? ಗಾಡಿ ಅವರದ್ದು. ಎರಡು ವರ್ಷದ ಮೇಲೆ ಮನೆಗೆ ಬಂದ ಮನುಷ್ಯ ಹೆಂಡತಿಯನ್ನು ಕೆಲಸಕ್ಕೆ ಬಿಡುತ್ತೇನೆ ಎಂದರೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಆಗಲಿ ಎಂದೆ.

ಮರುದಿನ ಐದೂವರೆ ಕಳೆದಿತ್ತು, ಮಳೆ ಹನಿಯುತ್ತಿತ್ತು. ಅವರು ಮುಂದೆ, ನಾನು ಹಿಂದೆ. ಗೇರು ಹಾಕುವಾಗ ಪೆಡಲು ಕಾಲಿಗೆ ಸಿಗದೆ ಎರಡು ಸಲ ತಡಕಾಡಿದರು. ನಮ್ಮ ಮನೆಯ ಒಳದಾರಿ ಮುಖ್ಯರಸ್ತೆಗೆ ಸೇರುವಲ್ಲಿ ಬಲಕ್ಕೆ ತಿರುಗಬೇಕು. ರಸ್ತೆ ಖಾಲಿಯಿತ್ತು. ಅವರು ಆರಾಮಾಗಿ ಬಲಕ್ಕೆ ತಿರುಗಿ, ರಸ್ತೆಯ ಬಲ ಅಂಚು ಹಿಡಿದೇ ಹೊರಟರು. ನನಗೆ ಒಂದು ಕ್ಷಣ ಏನು ತಪ್ಪಾಗಿದೆ ಎಂದೇ ಹೊಳೆಯಲಿಲ್ಲ. ಎಲ್ಲವೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿತ್ತು. ಅಷ್ಟರಲ್ಲಿ ಎದುರಿನಿಂದ ಎರಡು ಹೆಡ್‌ಲೈಟು ನೇರ ನಮ್ಮ ಮುಖಕ್ಕೇ ಬಂತು.

“ಎಡಕ್ಕೆ! ಎಡಕ್ಕೆ!” ಎಂದು ಅವರ ಬೆನ್ನಿಗೆ ಗುದ್ದಿದೆ.

ಅವರು ಎಡಕ್ಕೆ ಎಳೆದರು. ಬಸ್ಸು ಹಾರ್ನು ಒತ್ತಿಕೊಂಡೇ ನಮ್ಮ ಪಕ್ಕದಿಂದ ಹೋಯಿತು, ಅದರ ಚಕ್ರದ ನೀರು ನಮ್ಮಿಬ್ಬರನ್ನೂ ತೋಯಿಸಿತು. ರಸ್ತೆಯ ಆಚೆ ಬದಿಯ ಮಣ್ಣಿನಲ್ಲಿ ಗಾಡಿ ನಿಂತಿತು. ಹಿಂದಿನ ರಜೆಯಲ್ಲಿ ಹೀಗಾಗಿರಲಿಲ್ಲ. ಆಗ ಅವರದ್ದು ಸ್ಟೋರಿನ ಕೆಲಸ. ಆಮೇಲೆ ಅಲ್ಲಿ ಪಿಕಪ್ ಓಡಿಸುವ ಕೆಲಸಕ್ಕೆ ಹಾಕಿದ್ದರು, ಎರಡು ವರ್ಷ ದಿನವಿಡೀ ರಸ್ತೆಯ ಬಲಬದಿಯಲ್ಲಿ.

“ಅಲ್ಲಿಯ ಅಭ್ಯಾಸ ಮಾರಾಯ್ತಿ,” ಎಂದರು. ಹ್ಯಾಂಡಲ್ ಮೇಲಿನ ತಮ್ಮ ಕೈಯನ್ನೇ ನೋಡಿದರು. “ನಾನು ನೋಡಿಯೇ ತಿರುಗಿಸಿದ್ದು. ಕೈ ತನ್ನಷ್ಟಕ್ಕೆ ಹೋಯ್ತು.”

ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ಕೂರುವ, ಸಮಾಧಾನ ಮಾಡಿಕೊಳ್ಳಿ ಎನ್ನಬೇಕೆನಿಸಿತು. ಆದರೆ ಚೀಲದಲ್ಲಿ ಕೀ ಇತ್ತು. ಗಿರಿಜಕ್ಕ ಈಗ ಮನೆಯಿಂದ ಹೊರಟಿರುತ್ತಾರೆ.

“ಇಳೀರಿ,” ಎಂದೆ. “ನಾನು ಬಿಡ್ತೇನೆ.”

ಅವರು ನನ್ನನ್ನು ನೋಡಿದರು. ಇಳಿದು ಹಿಂದೆ ಕೂತರು.

ಆ ದಿನ ನಾನು ಓಡಿಸಿದ ಹಾಗೆ ಮತ್ತೆಂದೂ ಓಡಿಸಿಲ್ಲ. ವೇಗವಾಗಿ ಅಲ್ಲ, ಸರಿಯಾಗಿ. ನಂತೂರಿನವರೆಗೆ ಅವರು ಹಿಂದಿನ ಕಬ್ಬಿಣದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. “ಗುಂಡಿ! ಗುಂಡಿ ಉಂಟು!” ಎಂದು ಅವರು ಹೇಳಿ ಮುಗಿಸುವಾಗ ಗುಂಡಿ ನಮ್ಮ ಹಿಂದೆ ಇರುತ್ತಿತ್ತು. ನಾಲ್ಕೈದು ಸಲ ಹೀಗಾದ ಮೇಲೆ ಹೇಳುವುದನ್ನು ಬಿಟ್ಟರು. ಕೊಟ್ಟಾರ ಚೌಕಿಯ ಹತ್ತಿರ, “ಆ ರಿಕ್ಷಾವನ್ನು ಓವರ್‌ಟೇಕ್ ಮಾಡು,” ಎಂದರು. “ಬೇಡ, ಅದು ನನಗೆ ದಾರಿ ತೋರಿಸ್ತಾ ಉಂಟು,” ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಕೂಳೂರು ಸೇತುವೆ ಹತ್ತುವ ಮೊದಲು, “ಗಾಳಿ ಬರ್ತದೆ, ನನ್ನ ಸೊಂಟದ ಬೈರಾಸು ಹಿಡ್ಕೊಳ್ಳಿ,” ಎಂದೆ. ಹಿಡಿದುಕೊಂಡರು. ಕೆಳಗೆ ಕೆಂಪಗೆ ತುಂಬಿದ ಹೊಳೆ, ಪಕ್ಕದಲ್ಲಿ ಬಂದರಿನ ಲಾರಿಗಳ ಸಾಲು. ಸೇತುವೆ ಮುಗಿದ ಮೇಲೂ ಅವರು ಕೈ ಬಿಡಲಿಲ್ಲ.

ಕಾರ್ಖಾನೆಯ ಅಂಗಳದಲ್ಲಿ ಬೈಕು ನಿಲ್ಲಿಸುವಾಗ ಹೆಂಗಸರೆಲ್ಲ ಆಗಲೇ ಬಂದಿದ್ದರು. ಹಿಂದಿನಿಂದ ಇಳಿಯುವ ಗಂಡಸನ್ನು ಕಂಡು ಎಲ್ಲರ ಮಾತೂ ನಿಂತಿತು. ಬೈಕಿನ ಕೀಯನ್ನು ಅವರತ್ತ ಚಾಚಿ, “ನೀವು ಇದನ್ನು ಮನೆಗೆ ತಗೊಂಡು ಹೋಗಿ, ನಾನು ಬಸ್ಸಲ್ಲಿ ಬರ್ತೇನೆ,” ಎಂದೆ. ಅವರು ಕೈ ಚಾಚಲಿಲ್ಲ. ರೈನ್‌ಕೋಟಿನ ಜೇಬಿಗೆ ಎರಡೂ ಕೈ ಹಾಕಿಕೊಂಡರು.

ಗಿರಿಜಕ್ಕನಿಗೆ ತಡೆಯಲಾಗಲಿಲ್ಲ. “ಗಂಡನಾ ಸುಜಾತಾ? ಅವರಿಗೆ ಬಿಡ್ಲಿಕ್ಕೆ ಬರುವುದಿಲ್ವಾ?”

ಏನಾದರೊಂದು ಹೇಳಿ ನನ್ನ ಗಂಡನ ಮಾನ ಉಳಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು, ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಜೋರಾಗಿ.

“ಬರ್ತದೆ ಅಕ್ಕ. ಆದ್ರೆ ಗಾಡಿ ಅವಳದ್ದು. ನಾನು ಹಿಂದೆ ಕೂತವ ಅಷ್ಟೆ. ಇಲ್ಲಿಂದ ಕುಲಶೇಖರಕ್ಕೆ ಬಸ್ಸು ಎಲ್ಲಿ ಸಿಗ್ತದೆ?”

ನಲವತ್ತು ಹೆಂಗಸರಿಗೂ ಒಮ್ಮೆಲೇ ಬಾಯಿ ಬಂತು. ಹಂಪನಕಟ್ಟೆಯಲ್ಲಿ ಇಳಿಯಿರಿ ಎಂದರು ಕೆಲವರು, ಅಲ್ಲಿಯವರೆಗೆ ಯಾಕೆ, ಮೊದಲೇ ಇಳಿದು ಬದಲಿಸಿ ಎಂದರು ಕೆಲವರು, ಸ್ಟಾಪು ರಸ್ತೆಯ ಆಚೆ ಬದಿಯಲ್ಲಿ, ದಾಟುವಾಗ ನೋಡಿ ಎಂದರು ಗಿರಿಜಕ್ಕ. ನನ್ನ ಗಂಡ ಎಲ್ಲರಿಗೂ ತಲೆಯಾಡಿಸಿ, ರೈನ್‌ಕೋಟಿನ ಟೊಪ್ಪಿ ಎಳೆದುಕೊಂಡು, ಗೇಟಿನ ಕಡೆ ನಡೆದರು. ರಸ್ತೆಯ ಅಂಚಿನಲ್ಲಿ ನಿಂತು ಮೊದಲು ತಪ್ಪು ಕಡೆಗೆ ನೋಡಿದರು, ಆಮೇಲೆ ಸರಿಯಾದ ಕಡೆಗೆ ನೋಡಿದರು, ದಾಟಿದರು.

ಆರೂವರೆಗೆ ಇನ್ನೂ ಎರಡು ನಿಮಿಷವಿತ್ತು. ಆ ಎರಡು ನಿಮಿಷ ನಾನು ಬಾಗಿಲು ತೆರೆಯದೆ ಅವರನ್ನೇ ನೋಡುತ್ತ ನಿಂತೆ. ಯಾರೂ ನನ್ನನ್ನು ಅವಸರಿಸಲಿಲ್ಲ.